ಫುಟ್‌ಬಾಲ್ ಆಟಗಾರನ ನಿದ್ದೆ

90 ನಿಮಿಷದ ಪಂದ್ಯದಲ್ಲಿ ಫುಟ್‌ಬಾಲ್ ಆಟಗಾರ 10ರಿಂದ 12 ಕಿಲೋಮೀಟರ್ ದೂರ ಕ್ರಮಿಸುತ್ತಾನೆ. ಅದರಲ್ಲಿ ಬಹುಪಾಲು ನಡಿಗೆ, ಹಗುರವಾದ ಓಟ. ಪಂದ್ಯವನ್ನು ತೀರ್ಮಾನಿಸುವ ಓಟಗಳು ಬೇರೆ: ಸರಾಸರಿ ಒಂದೂವರೆ ನಿಮಿಷಕ್ಕೊಮ್ಮೆ, ಪ್ರತಿಸಲ ಎರಡರಿಂದ ನಾಲ್ಕು ಸೆಕೆಂಡು, ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಓಡುವ ದೌಡು. ಈ ದೌಡಿಗೆ ಬೇಕಾದ ಇಂಧನ ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿರುತ್ತದೆ. ಕೊನೆಯ ಸೀಟಿ ಊದುವ ಹೊತ್ತಿಗೆ ತೊಡೆಯ ಸ್ನಾಯುವಿನ ಎಳೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರಿದಾಗಿರುತ್ತವೆ. ಅವು ಮತ್ತೆ ತುಂಬಿಕೊಳ್ಳಲು ಎರಡರಿಂದ ಮೂರು ದಿನ ಹಿಡಿಯುತ್ತದೆ. ಹರಿದ ಎಳೆಗಳ ದುರಸ್ತಿಯೂ ಅದೇ ಅವಧಿಯಲ್ಲಿ ನಡೆಯಬೇಕು. ಆ ಎರಡು ಮೂರು ದಿನಗಳ ಊಟದ ಬಗ್ಗೆ ತರಬೇತುದಾರರು ಗಂಟೆಗಟ್ಟಲೆ ಮಾತಾಡುತ್ತಾರೆ. ಅದೇ ದಿನಗಳ ರಾತ್ರಿಗಳ ಬಗ್ಗೆ ಮಾತಾಡುವವರು ಕಡಿಮೆ.

ನಿದ್ದೆ ಒಂದೇ ಹದದಲ್ಲಿ ಸಾಗುವುದಿಲ್ಲ. ಸುಮಾರು 90 ನಿಮಿಷದ ಸುತ್ತುಗಳು ಒಂದರ ಹಿಂದೊಂದು ಬರುತ್ತವೆ. ರಾತ್ರಿಗೆ ನಾಲ್ಕೈದು ಸುತ್ತು. ಒಂದು ಸುತ್ತು ಒಂದು ಪಂದ್ಯದಷ್ಟೇ ಉದ್ದ ಎಂಬುದು ಬರೀ ಕಾಕತಾಳೀಯ, ಆದರೆ ಹುಡುಗರಿಗೆ ನೆನಪಿಡಲು ಅನುಕೂಲ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆಯ ಪಾಲು ಹೆಚ್ಚು. ಎಬ್ಬಿಸಿದರೂ ಏಳದ, ಎದ್ದರೂ ಎಲ್ಲಿದ್ದೇವೆಂದು ತಿಳಿಯದ ಹೊತ್ತು ಅದು. ಬೆಳವಣಿಗೆಯ ಹಾರ್ಮೋನು ಅತಿ ಹೆಚ್ಚಾಗಿ ಸುರಿಯುವುದು ಕಣ್ಣು ಹತ್ತಿದ ಮೇಲಿನ ಈ ಮೊದಲ ಗಾಢ ನಿದ್ದೆಯಲ್ಲೇ. ಬೆಳಗಿನ ಜಾವದ ಸುತ್ತುಗಳಲ್ಲಿ ಕನಸಿನ ನಿದ್ದೆ ಹೆಚ್ಚುತ್ತದೆ. ನಡುವೆ ಬರುವ ಹಗುರ ನಿದ್ದೆಯೂ ವ್ಯರ್ಥವಲ್ಲ. ಹಗಲು ಕಲಿತ ಕೈಕಾಲಿನ ಚಳಕ ಮಿದುಳಿನಲ್ಲಿ ಗಟ್ಟಿಯಾಗುವ ಕೆಲಸಕ್ಕೆ ಅದರ ಪಾಲೂ ಸೇರುತ್ತದೆ. ಹೀಗಾಗಿ ತಡವಾಗಿ ಮಲಗಿದವನೂ ಬೇಗ ಎದ್ದವನೂ ಕಳೆದುಕೊಳ್ಳುವುದು ಒಂದೇ ಸರಕನ್ನಲ್ಲ. ಐದು ಗಂಟೆ ಮಲಗಿದವನಿಗೆ ಗಾಢ ನಿದ್ದೆ ಬಹುಮಟ್ಟಿಗೆ ಸಿಕ್ಕಿರುತ್ತದೆ, ಕನಸಿನ ನಿದ್ದೆಯ ದೊಡ್ಡ ಪಾಲು ತಪ್ಪಿರುತ್ತದೆ. 'ಕಡಿಮೆ ಮಲಗಿದರೂ ಗಡದ್ದಾಗಿ ಮಲಗಿದೆ' ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ.

ನಿದ್ದೆ ತಪ್ಪಿದರೆ ದೇಹದೊಳಗೆ ಏನಾಗುತ್ತದೆ ಎಂಬುದಕ್ಕೆ ಈಗ ಅಳತೆಗಳು ಸಿಕ್ಕಿವೆ. ಆಸ್ಟ್ರೇಲಿಯಾದ ಸಂಶೋಧಕರು 13 ಯುವಜನರನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿಟ್ಟು ನೋಡಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸ್ನಾಯುಗಳು ಹೊಸ ಪ್ರೋಟೀನು ಕಟ್ಟಿಕೊಳ್ಳುವ ವೇಗ ಶೇ. 18ರಷ್ಟು ಇಳಿಯಿತು, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಶೇ. 21 ಏರಿತು, ಟೆಸ್ಟೋಸ್ಟೆರೋನ್ ಶೇ. 24 ಕುಸಿಯಿತು. ಇನ್ನೊಂದು ಪರೀಕ್ಷೆಯಲ್ಲಿ 30 ಗಂಟೆ ನಿದ್ದೆಗೆಟ್ಟ ತಂಡ ಆಟಗಳ ಆಟಗಾರರ ಸ್ನಾಯುಗಳಲ್ಲಿ ಗ್ಲೈಕೋಜನ್ ಕಡಿಮೆಯಿತ್ತು, ಪದೇಪದೇ ಓಡುವ ದೌಡು ನಿಧಾನವಾಗಿತ್ತು. ಇವು ಜಾಗರಣೆಯ ಲೆಕ್ಕ. ಶಿವರಾತ್ರಿ ವರ್ಷಕ್ಕೊಮ್ಮೆ ಬರುತ್ತದೆ. ಆಟಗಾರನನ್ನು ನಿಜವಾಗಿ ಕಾಡುವುದು ದಿನಾ ಒಂದೆರಡು ಗಂಟೆ ಸೋರಿಹೋಗುವ ನಿದ್ದೆ. ಅದನ್ನೂ ಅಳೆದಿದ್ದಾರೆ. ವಾರದ ಮಟ್ಟಿಗೆ ರಾತ್ರಿಗೆ ಐದೇ ಗಂಟೆ ಮಲಗಿದ 10 ಆರೋಗ್ಯವಂತ ತರುಣರ ಹಗಲಿನ ಟೆಸ್ಟೋಸ್ಟೆರೋನ್ ಶೇ. 10ರಿಂದ 15ರಷ್ಟು ಇಳಿದದ್ದನ್ನು ಶಿಕಾಗೋದ ಸಂಶೋಧಕರು 2011ರಲ್ಲಿ ದಾಖಲಿಸಿದರು.

ಫುಟ್‌ಬಾಲ್ ಮತ್ತು ನಿದ್ದೆಯ ಅಧ್ಯಯನದ ಆರಂಭದ ಕಥೆ ಸ್ವಲ್ಪ ವಿಚಿತ್ರವಾದದ್ದು. ಇಂಗ್ಲೆಂಡಿನ ಲಿವರ್‌ಪೂಲಿನ ಥಾಮಸ್ ರೈಲಿ ಎಂಬ ಕ್ರೀಡಾವಿಜ್ಞಾನಿ, ಐದೈದು ಜನರ ಒಳಾಂಗಣ ಫುಟ್‌ಬಾಲನ್ನು ನಿದ್ದೆಯಿಲ್ಲದೆ 91 ಗಂಟೆಗೂ ಮೀರಿ ಆಡಿ ದಾಖಲೆ ಮಾಡಹೊರಟ ಆಟಗಾರರನ್ನು ಅಳೆಯುತ್ತ ಕುಳಿತ. 1981ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಬೆಲೆಯುಳ್ಳದ್ದು ದಾಖಲೆಗಿಂತ ಅವರ ಓಟದ ಏರಿಳಿತ. ದಿನ ಕಳೆದಂತೆ ವೇಗ ಇಳಿಯುತ್ತ ಹೋಯಿತು, ಆದರೆ ನೇರಗೆರೆಯಂತೆ ಇಳಿಯಲಿಲ್ಲ. ಪ್ರತಿದಿನ ಸಂಜೆ ಆರರ ಸುಮಾರಿಗೆ ಚುರುಕು ಮರಳಿ ಏರುತ್ತಿತ್ತು. ಬೆಳಗಿನ ಜಾವ ಪಾತಾಳಕ್ಕೆ ಇಳಿಯುತ್ತಿತ್ತು. ನಾಲ್ಕು ದಿನ ಕಣ್ಣು ಮುಚ್ಚದ ಮೈಯಲ್ಲೂ ಗಡಿಯಾರ ನಿಂತಿರಲಿಲ್ಲ.

ಅಲ್ಲಿಂದೀಚೆಗೆ ಬಂದ ಫಲಿತಾಂಶಗಳು ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ. ನಾರ್ವೆಯಲ್ಲಿ ಕಿರಿಯ ಆಟಗಾರರನ್ನು 24 ಗಂಟೆ ಎಚ್ಚರವಿಟ್ಟು ಚೆಂಡಿನ ಕೌಶಲದ ಪರೀಕ್ಷೆಗಳನ್ನು ಕೊಟ್ಟಾಗ, ಹೆಚ್ಚಿನವುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬಿಡುವಿಲ್ಲದೆ ಒದೆಯುತ್ತಲೇ ಇರಬೇಕಾದ ಪರೀಕ್ಷೆಯಲ್ಲಿ ಮಾತ್ರ ಎಡವಿದರು. ಟ್ಯುನೀಶಿಯಾದ ಆಟಗಾರರ ಮೇಲೆ ನಡೆದ ಪರೀಕ್ಷೆಗಳಲ್ಲಿ ರಾತ್ರಿಯ ನಿದ್ದೆಗೆ ಕತ್ತರಿ ಬಿದ್ದಾಗ ಮರುದಿನದ ಸೈಕಲ್ ಪರೀಕ್ಷೆಯಲ್ಲಿ ಕಾಲಿನ ಬಲ ಕುಗ್ಗಿತು, ರಕ್ತದಲ್ಲಿ ಉರಿಯೂತದ ಸೂಚಕಗಳು ಏರಿದವು. ನಿದ್ದೆ ಹೆಚ್ಚಿಸಿದರೆ ಏನಾಗುತ್ತದೆ ಎಂಬ ತಿರುವು ಪ್ರಶ್ನೆಗೆ ಎಲ್ಲರೂ ಎತ್ತಿಹೇಳುವ ಉತ್ತರ ಬ್ಯಾಸ್ಕೆಟ್‌ಬಾಲಿನದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಆಟಗಾರರು ಐದರಿಂದ ಏಳು ವಾರ ರಾತ್ರಿಗೆ 10 ಗಂಟೆ ಹಾಸಿಗೆಯಲ್ಲಿ ಕಳೆದಾಗ, ಸುಮಾರು 86 ಮೀಟರಿನ ದೌಡು 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು, ಬುಟ್ಟಿಗೆ ಚೆಂಡು ಹಾಕುವ ಗುರಿ ಶೇ. 9ರಷ್ಟು ಸುಧಾರಿಸಿತು. 2011ರ ಈ ಅಧ್ಯಯನವನ್ನು ಪವಾಡದಂತೆ ಹೇಳುವವರು ಒಂದು ಮಾತು ಬಿಡುತ್ತಾರೆ: ಹೋಲಿಸಿ ನೋಡಲು ಎಂದಿನಂತೆ ಮಲಗುವ ಇನ್ನೊಂದು ತಂಡ ಅಲ್ಲಿರಲಿಲ್ಲ. ಅಷ್ಟು ವಾರದ ಅಭ್ಯಾಸದ ಪಾಲೆಷ್ಟು, ನಿದ್ದೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಇನ್ನೂ ಪ್ರಾಮಾಣಿಕವಾದ ಪಾಠ ಕಲಿಸುವುದು 2016ರ ಒಂದು ಪರೀಕ್ಷೆ. ತಡರಾತ್ರಿಯ ಪಂದ್ಯ ಮುಗಿಸಿದ ಹವ್ಯಾಸಿ ಫುಟ್‌ಬಾಲ್ ಆಟಗಾರರನ್ನು ತಂಪಾದ ಕತ್ತಲ ಕೋಣೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿ, ಕಿವಿಗೆ ಬಿರಡೆ ಹಾಕಿ, ಫೋನು ಕೈಗೆ ಕೊಡದೆ ಮಲಗಿಸಿದರು. ಎಂದಿನಂತೆ ಮಲಗಿದ ರಾತ್ರಿಗಿಂತ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಹೆಚ್ಚು ನಿದ್ದೆ ಬಂತು. ಆದರೆ ಮರುದಿನದ ಜಿಗಿತದಲ್ಲಾಗಲಿ ಓಟದಲ್ಲಾಗಲಿ ಯಾವ ಮೇಲುಗೈಯೂ ಕಾಣಲಿಲ್ಲ. ಇದನ್ನು ಓದಿ ನಿದ್ದೆಯಿಂದ ಲಾಭವಿಲ್ಲ ಎನ್ನುವುದು ಅವಸರ. ಒಂದು ರಾತ್ರಿ ನೀರುಣಿಸಿದ ಮಾತ್ರಕ್ಕೆ ಕಬ್ಬು ಗೇಣು ಬೆಳೆಯುವುದಿಲ್ಲ. ನಿದ್ದೆಯ ಜಮಾಖರ್ಚು ವಾರ ತಿಂಗಳುಗಳಲ್ಲಿ ತೋರುವಂಥದ್ದು. ಪಂದ್ಯದ ಹಿಂದಿನ ರಾತ್ರಿ ಮಾತ್ರ ಬೇಗ ಮಲಗಿಸುವ ತರಬೇತುದಾರ ಪರೀಕ್ಷೆಯ ಹಿಂದಿನ ದಿನ ಪುಸ್ತಕ ತೆರೆದ ವಿದ್ಯಾರ್ಥಿಯಂತೆ.

ಈ ಜಮಾಖರ್ಚು ಮೊದಲು ಬಯಲಾಗುವುದು ಕಾಲಿನಲ್ಲಲ್ಲ, ತಲೆಯಲ್ಲಿ. ರಾತ್ರಿಗೆ ಆರು ಗಂಟೆಯಂತೆ 14 ದಿನ ಮಲಗಿದವರ ಗಮನಶಕ್ತಿ, ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದದ್ದನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು 2003ರಲ್ಲಿ ತೋರಿಸಿದರು. ಅದರಲ್ಲಿ ಭಯ ಹುಟ್ಟಿಸುವ ಸಂಗತಿ ಇನ್ನೊಂದಿತ್ತು: ಅವರಿಗೆ ತಮ್ಮ ಮಂಕು ತಿಳಿದಿರಲಿಲ್ಲ. ಕೆಲವು ದಿನದ ನಂತರ 'ಒಗ್ಗಿದೆ' ಎಂದೇ ಭಾವಿಸಿದ್ದರು. ಫುಟ್‌ಬಾಲಿನಲ್ಲಿ ಈ ಮಂಕು ಹೀಗೆ ಕಾಣುತ್ತದೆ: ಬೆನ್ನ ಹಿಂದಿನಿಂದ ಬರುವ ಎದುರಾಳಿಯನ್ನು ಹಿಂಬದಿಯ ರಕ್ಷಕ ಅರ್ಧ ಸೆಕೆಂಡು ತಡವಾಗಿ ನೋಡುತ್ತಾನೆ, ಕಾಲು ತಡವಾಗಿ ಚಾಚುತ್ತಾನೆ, ಚೆಂಡಿನ ಬದಲು ಹಿಮ್ಮಡಿಗೆ ತಾಗುತ್ತದೆ, ಹಳದಿ ಕಾರ್ಡು. ನೋಡುವವರಿಗೆ ಅದು ಒರಟುತನ. ಕಲಿಕೆಯೂ ಇಲ್ಲೇ ಸೇರುತ್ತದೆ. ಬೆರಳಿನ ಚಲನೆಯ ಒಂದು ಕ್ರಮವನ್ನು ಸಂಜೆ ಕಲಿತು ಮಲಗಿದವರು ಮರುಬೆಳಿಗ್ಗೆ, ಹೆಚ್ಚಿನ ಅಭ್ಯಾಸವಿಲ್ಲದೆಯೇ, ಶೇ. 20ರಷ್ಟು ವೇಗ ಗಳಿಸಿದ್ದನ್ನು 2002ರ ಒಂದು ಹೆಸರಾಂತ ಪ್ರಯೋಗ ತೋರಿಸಿತು. ಎಡಗಾಲಿನಲ್ಲಿ ಚೆಂಡು ತಡೆಯಲು ಕಲಿಯುತ್ತಿರುವ ಹುಡುಗನಿಗೆ ಆ ರಾತ್ರಿಯ ನಿದ್ದೆ ಅಭ್ಯಾಸದ ಮುಂದುವರಿಕೆಯೇ.

ಗಾಯದ ಲೆಕ್ಕವೂ ಇದೆ. ಅಮೆರಿಕದ 112 ಶಾಲಾ ಕ್ರೀಡಾಪಟುಗಳನ್ನು ಗಮನಿಸಿದ 2014ರ ಅಧ್ಯಯನದಲ್ಲಿ, ಎಂಟು ಗಂಟೆಗಿಂತ ಕಡಿಮೆ ಮಲಗುವವರು ಗಾಯಗೊಳ್ಳುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು ಹೆಚ್ಚಿತ್ತು. ಕಡಿಮೆ ನಿದ್ದೆಯೇ ಗಾಯಕ್ಕೆ ಕಾರಣ ಎಂದು ಇದರಿಂದ ಸಾಧಿಸಿದಂತಾಗುವುದಿಲ್ಲ. ಹೆಚ್ಚು ಆಡುವವರು ಕಡಿಮೆ ಮಲಗುತ್ತಿರಲೂಬಹುದು. ಆದರೂ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೊಲ ಅಡವಿಡಬೇಕಾಗುವ ಮನೆಗಳಲ್ಲಿ ಈ ಸಂಖ್ಯೆಯನ್ನು ಹಗುರವಾಗಿ ಕಾಣುವಂತಿಲ್ಲ.

ರೈಲಿ ಕಂಡ ಸಂಜೆ ಆರರ ಚುರುಕಿಗೆ ಕಾರಣ ಮಿದುಳಿನೊಳಗಿನ ಗಡಿಯಾರ. ಜೀವಕೋಶಗಳಲ್ಲಿ ಅದು ಓಡುವ ಬಗೆಯನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಂದಿತು. ಮೈಯ ಬಿಸಿ ಸಂಜೆ ತುದಿಗೇರಿ, ಕತ್ತಲಾದಂತೆ ಇಳಿಯತೊಡಗುತ್ತದೆ, ಮೆಲಟೋನಿನ್ ಏರುತ್ತದೆ, ಹಗಲಿಡೀ ಮಿದುಳಿನಲ್ಲಿ ಕೂಡಿದ ಅಡೆನೋಸಿನ್ ಕಣ್ಣೆವೆ ಭಾರ ಮಾಡುತ್ತದೆ. ರಾತ್ರಿಯ ಪಂದ್ಯ ಈ ಇಳಿತಕ್ಕೆ ಅಡ್ಡ ಬರುತ್ತದೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಏಳೂವರೆಗೆ ಆರಂಭವಾಗುವ ಇಂಡಿಯನ್ ಸೂಪರ್ ಲೀಗ್ ಪಂದ್ಯ ಮುಗಿಯುವಾಗ ಒಂಬತ್ತೂವರೆ ಸಮೀಪಿಸುತ್ತದೆ. ಬಳಿಕ ಸ್ನಾನ, ಊಟ, ಪತ್ರಕರ್ತರು, ಬಸ್ಸು. ಹೊನಲು ದೀಪ ಕಣ್ಣಲ್ಲಿ, ಅಡ್ರಿನಲಿನ್ ರಕ್ತದಲ್ಲಿ, ತಪ್ಪಿದ ಗೋಲು ತಲೆಯಲ್ಲಿ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಬೆಂಗಳೂರು ಎಫ್‌ಸಿ ಗೋವಾ ತಂಡವನ್ನು ಸೋಲಿಸಿ ಆ ಲೀಗ್ ಗೆದ್ದದ್ದು ಹೆಚ್ಚುವರಿ ಅವಧಿಯಲ್ಲಿ. ರಾಹುಲ್ ಭೆಕೆ 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದಾಗ ರಾತ್ರಿ ಹತ್ತರ ಸುಮಾರು. ಅಂಥ ರಾತ್ರಿ ಗೆದ್ದವರಿಗೂ ಸೋತವರಿಗೂ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಜರ್ಮನಿ ಮತ್ತು ನೆದರ್‌ಲ್ಯಾಂಡ್ಸಿನ ವೃತ್ತಿಪರ ಆಟಗಾರರನ್ನು ಅಳೆದಾಗ, ರಾತ್ರಿ ಪಂದ್ಯದ ನಂತರದ ನಿದ್ದೆ ಉಳಿದ ದಿನಗಳಿಗಿಂತ ಎರಡೂವರೆಯಿಂದ ಮೂರು ಗಂಟೆ ಕಡಿಮೆ ಬಂತು.

ದೊಡ್ಡವರಿಗೇ ಹೀಗಾದರೆ ಹುಡುಗರ ಪಾಡು? 2017ರ ಅಕ್ಟೋಬರಿನಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಮೂರೂ ಪಂದ್ಯಗಳು ದೆಹಲಿಯಲ್ಲಿ ರಾತ್ರಿ ಎಂಟಕ್ಕೆ ಶುರುವಾದವು. ಆ ತಂಡದಲ್ಲಿ ಬೆಳಗಾವಿ ಜಿಲ್ಲೆಯ ಗಡಿಯೂರು ಶೇಡಬಾಳಕ್ಕೆ ಹತ್ತಿರದ ಕೊಲ್ಹಾಪುರದ ಹುಡುಗನಿದ್ದ, ಅನಿಕೇತ್ ಜಾಧವ್. ಆ ವಯಸ್ಸಿನಲ್ಲಿ ದೇಹದ ಗಡಿಯಾರ ತಾನಾಗಿಯೇ ತಡಕ್ಕೆ ಸರಿದಿರುತ್ತದೆ. ಹದಿಹರೆಯದವ ಹನ್ನೊಂದಕ್ಕೆ ಮುನ್ನ ಮಲಗಲಾರೆ ಎಂದರೆ ಅದು ಪೂರ್ತಿ ಸೋಮಾರಿತನವಲ್ಲ, ಸ್ವಲ್ಪ ಮಟ್ಟಿಗೆ ಶರೀರಧರ್ಮ. ಆದರೆ ಅವನಿಗೆ ಬೇಕಾದ ನಿದ್ದೆ ಕಡಿಮೆಯಾಗಿರುವುದಿಲ್ಲ: 13ರಿಂದ 18 ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ನಿಗದಿ ಮಾಡಿತು. ದೊಡ್ಡವರಿಗೆ ಏಳು ಗಂಟೆಗೆ ಕಡಿಮೆಯಾಗಬಾರದು; ಆಡುವವರಿಗೆ ಅದಕ್ಕೂ ಮೇಲೆ ಬೇಕು.

ಕೊಲ್ಹಾಪುರದ ಹೆಸರು ಬಂದದ್ದರಿಂದ ಒಂದು ಹಳೆಯ ವಿಚಾರ. ಗಡಿಯ ಈ ಸೀಮೆಗೆ ಫುಟ್‌ಬಾಲಿನ ಹುಚ್ಚು ಹರಿದುಬರುವುದು ಎರಡು ಕಡೆಯಿಂದ: ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆಯಂಥ ಮೈದಾನಗಳಿಂದ, ಕೊಲ್ಹಾಪುರದ ಶಾಹು ಸ್ಟೇಡಿಯಮ್ಮಿನಿಂದ. ಕೊಲ್ಹಾಪುರದ ಫುಟ್‌ಬಾಲ್ ತಂಡಗಳ ಹೆಸರು ಕೇಳಿದರೆ ಹೊಸಬರು ಬೆರಗಾಗುತ್ತಾರೆ: ಪಾಟಾಕಡೀಲ ತಾಲೀಮ ಮಂಡಳ, ದಿಲ್‌ಬಹಾರ ತಾಲೀಮ ಮಂಡಳ, ಖಂಡೋಬಾ ತಾಲೀಮ ಮಂಡಳ. ತಾಲೀಮು ಎಂದರೆ ಗರಡಿ. 1912ರಲ್ಲಿ ಶಾಹು ಮಹಾರಾಜರು ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದ ಊರಿನಲ್ಲಿ ಗರಡಿಗಳೇ ಫುಟ್‌ಬಾಲಿನ ತಂಡಗಳನ್ನೂ ಸಾಕಿದವು. ಗರಡಿಯ ದಿನಚರಿಯಲ್ಲಿ ನಿದ್ದೆಗೆ ಗೊತ್ತಾದ ಜಾಗವಿತ್ತು. ನಸುಕಿನಲ್ಲಿ ಸಾಮು, ಬದಾಮಿನ ಥಂಡಾಯಿ, ಊಟ, ಆಮೇಲೆ ಮಧ್ಯಾಹ್ನ ಕಡ್ಡಾಯವಾಗಿ ಒಂದು ನಿದ್ದೆ, ಸಂಜೆ ಮತ್ತೆ ಮಣ್ಣು, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಚಾಪೆ. ಮಧ್ಯಾಹ್ನ ಮಲಗದೆ ಊರಾಡಿದ ಪೈಲ್ವಾನನನ್ನು ವಸ್ತಾದ ಸುಮ್ಮನೆ ಬಿಡುತ್ತಿರಲಿಲ್ಲ. ತಾಲೀಮಿನಿಂದ ಫುಟ್‌ಬಾಲಿಗೆ ಹೆಸರು ಬಂತು, ನಿಷ್ಠೆ ಬಂತು, ಜಗಳವೂ ಬಂತು. ಮಧ್ಯಾಹ್ನದ ಚಾಪೆ ಮಾತ್ರ ಗರಡಿಯಲ್ಲೇ ಉಳಿಯಿತು. ವಿದೇಶದ ಕ್ಲಬ್ಬುಗಳು ಅದನ್ನೇ ದುಡ್ಡು ಕೊಟ್ಟು ಮರಳಿ ತಂದವು. ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಅಲೆಕ್ಸ್ ಫರ್ಗ್ಯೂಸನ್ ಕಾಲದಲ್ಲಿ ಹಾಸಿಗೆ ಕಂಪನಿಯೊಂದರ ನಿಕ್ ಲಿಟಲ್‌ಹೇಲ್ಸ್ ಎಂಬಾತನನ್ನು ಕರೆಸಿ ಆಟಗಾರರ ನಿದ್ದೆಗೆ ಸಲಹೆ ಪಡೆಯಿತು. ನಿದ್ದೆಗೂ ಕೋಚ್ ಇರಬಹುದು ಎಂಬ ಮಾತು ಅಲ್ಲಿಂದ ಹಬ್ಬಿತು.

ಶೇಡಬಾಳದ ಸುತ್ತ ಆಡುವ ಹುಡುಗನ ರಾತ್ರಿ ಮ್ಯಾಂಚೆಸ್ಟರಿನ ರಾತ್ರಿಯಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸಿನ ಕರೆಂಟು ಪಾಳಿಯ ಮೇಲೆ ಬರುತ್ತದೆ, ಎಷ್ಟೋ ವಾರ ರಾತ್ರಿ ಪಾಳಿ. ಒಂದೂವರೆಗೆ ಫೋನಿನ ಅಲಾರಾಂ ಬಡಿಯುತ್ತದೆ. ಅಪ್ಪನಿಗೆ ಮೊಣಕಾಲು ನೋವು, ಆದ್ದರಿಂದ ಹುಡುಗನೇ ಬ್ಯಾಟರಿ ಹಿಡಿದು ಹೋಗುತ್ತಾನೆ. ಮೋಟರ್ ಚಾಲೂ ಮಾಡಿ, ಸಾಲಿನ ಬಾಯಿ ಒಡೆದು ಕಬ್ಬಿಗೆ ನೀರು ತಿರುಗಿಸಿ, ಒಂದು ಸಾಲು ತುಂಬುವವರೆಗೆ ಬದುವಿನ ಮೇಲೆ ಕೂರುತ್ತಾನೆ. ಮಲಗುವಂತಿಲ್ಲ, ಹಾವಿನ ಭಯ, ನೀರು ಒಡೆದು ಪಕ್ಕದವರ ಹೊಲಕ್ಕೆ ನುಗ್ಗುವ ಭಯ. ನಾಲ್ಕೂವರೆಗೆ ಮನೆಗೆ ಬಂದು ಒದ್ದೆ ಕಾಲಲ್ಲೇ ಒರಗಿದರೆ ಐದೂವರೆಗೆ ಮೈದಾನ. ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಕಾಟ: ಉಗಾರದ ಸಕ್ಕರೆ ಕಾರ್ಖಾನೆಯ ದಾರಿ ಹಿಡಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆಯುತ್ತ, ಹಾಡು ಹಾಕಿಕೊಂಡು ರಾತ್ರಿಯಿಡೀ ಸಾಗುತ್ತವೆ. ಪಾಳಿಯ ಕೆಲಸಕ್ಕೆ ಹೋಗುವ ಅಣ್ಣಂದಿರಿರುವ ಮನೆಯಲ್ಲಿ ಕಾರ್ಖಾನೆಯ ಭೋಂಗಾದ ಪ್ರಕಾರ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಇಂಥ ಹುಡುಗನಿಗೆ ಬೇಗ ಮಲಗು ಎಂದು ಉಪದೇಶ ಮಾಡುವುದು ಸುಲಭ, ವ್ಯರ್ಥ. ಅವನ ರಾತ್ರಿಯನ್ನು ಬದಲಿಸಲು ಆಗದಿದ್ದಾಗ ಅವನ ಬೆಳಗನ್ನು ಬದಲಿಸಬಹುದು.

ಬೆಳಗಿನ ಅಭ್ಯಾಸದ ವೇಳೆ ತರಬೇತುದಾರನ ಕೈಯಲ್ಲಿದೆ, ಮತ್ತು ಅತಿ ದೊಡ್ಡ ಸೋರಿಕೆ ಅಲ್ಲೇ ಇದೆ. ಆಸ್ಟ್ರೇಲಿಯಾದ ಉನ್ನತ ಮಟ್ಟದ ಈಜುಗಾರರು ಬೆಳಿಗ್ಗೆ ಆರಕ್ಕೆ ನೀರಿಗಿಳಿಯಬೇಕಾದ ದಿನಗಳ ಹಿಂದಿನ ರಾತ್ರಿ ಸರಾಸರಿ 5.4 ಗಂಟೆ ಮಲಗಿದರು. ಬಿಡುವಿನ ದಿನಗಳಲ್ಲಿ 7.1 ಗಂಟೆ. ಬೇಗ ಏಳಬೇಕೆಂದು ಬೇಗ ಮಲಗಿದರೂ ಕೊರತೆ ಪೂರ್ತಿ ಸರಿದೂಗಲಿಲ್ಲ. ಬೆಳಗಿನ ಜಾವದ ನಿದ್ದೆ ಕಡಿತವಾದರೆ ಆ ದಿನದ ಸಂಜೆಯ ಬಲ ಹೆಚ್ಚು ಕುಗ್ಗುತ್ತದೆ ಎಂದೂ ಪರೀಕ್ಷೆಗಳು ತೋರಿಸಿವೆ, ಅಂದರೆ ಪಂದ್ಯ ನಡೆಯುವ ಹೊತ್ತಿನದೇ ಬಲ. ನಸುಕಿನಲ್ಲಿ ಎಬ್ಬಿಸುವುದೇ ಶಿಸ್ತು ಎಂಬ ನಂಬಿಕೆ ನಮ್ಮ ಕ್ರೀಡಾ ವಸತಿ ನಿಲಯಗಳಲ್ಲೂ ಶಾಲೆಗಳಲ್ಲೂ ಗಟ್ಟಿಯಾಗಿ ಕೂತಿದೆ. ಬೇಸಿಗೆಯ ಬಿಸಿಲಿಗೆ ಅದಕ್ಕೊಂದು ಸಮರ್ಥನೆಯುಂಟು. ಡಿಸೆಂಬರಿನ ಚಳಿಯಲ್ಲಿ ಐದೂವರೆಗೇ ಏಕೆ ಎಂಬುದಕ್ಕೆ ರೂಢಿಯ ಹೊರತು ಉತ್ತರವಿಲ್ಲ. ವಾರದ ಆರು ಬೆಳಗಿನಲ್ಲಿ ಮೂರನ್ನು ಸಂಜೆಗೆ ಸರಿಸಿದರೂ ಹುಡುಗರಿಗೆ ನಾಲ್ಕೈದು ಗಂಟೆ ನಿದ್ದೆ ಮರಳಿ ಬರುತ್ತದೆ.

ಆಟಗಾರನ ಕೈಯಲ್ಲಿರುವ ಅಭ್ಯಾಸಗಳಲ್ಲಿ ಮೊದಲನೆಯದು ಏಳುವ ಹೊತ್ತನ್ನು ಕಟ್ಟುವುದು. ಮಲಗುವ ಹೊತ್ತು ಬೇಕೆಂದಾಗ ಬರುವುದಿಲ್ಲ, ಏಳುವ ಹೊತ್ತನ್ನು ಹಿಡಿಯಬಹುದು. ಎದ್ದ ಕೂಡಲೆ ಹೊರಗಿನ ಬೆಳಕಿಗೆ ಬಂದರೆ ಒಳಗಿನ ಗಡಿಯಾರ ಅಂದಿನ ರಾತ್ರಿಗೆ ಚಾವಿ ಕೊಟ್ಟುಕೊಳ್ಳುತ್ತದೆ. ಭಾನುವಾರ ಹತ್ತರವರೆಗೆ ಮಲಗಿದವನಿಗೆ ಆ ರಾತ್ರಿ ನಿದ್ದೆ ಹತ್ತದಿರುವುದು ಸಹಜ. ಚಹಾ ಎರಡನೆಯ ಮಾತು. ಕೆಫೀನಿನ ಅರ್ಧ ಪಾಲು ಮೈಯಿಂದ ಇಳಿಯಲು ಐದು ಗಂಟೆಯಷ್ಟು ಬೇಕು. ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ಒಂದು ಗಂಟೆಗೂ ಹೆಚ್ಚು ನಿದ್ದೆ ಕಸಿದದ್ದು 2013ರ ಪರೀಕ್ಷೆಯಲ್ಲಿ ಕಂಡಿದೆ. ಒಂದು ಕಪ್ಪಿನಲ್ಲಿ ಅಷ್ಟಿರುವುದಿಲ್ಲ ಎಂಬುದು ನಿಜ. ಪಂದ್ಯ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಚಹಾ ಗಾಡಿಯ ಮುಂದೆ ಒಂದೇ ಕಪ್ಪಿಗೆ ಮುಗಿಯುವುದಿಲ್ಲ ಎಂಬುದೂ ನಿಜ. ಫೋನಿನ ಬಗ್ಗೆ ಬೆಳಕಿನ ಭಯವನ್ನು ಕೊಂಚ ಹೆಚ್ಚೇ ಹಬ್ಬಿಸಲಾಗಿದೆ. ಬೆಳಗುವ ಪರದೆಯಲ್ಲಿ ಓದಿ ಮಲಗಿದವರಿಗೆ ಮೆಲಟೋನಿನ್ ಒಂದೂವರೆ ಗಂಟೆ ತಡವಾಯಿತಾದರೂ ನಿದ್ದೆ ತಡವಾದದ್ದು ಹತ್ತು ನಿಮಿಷದಷ್ಟೇ. ನಿದ್ದೆಗೆಡಿಸುವುದು ಬೆಳಕಿಗಿಂತ ಹೆಚ್ಚಾಗಿ ಪರದೆಯ ಮೇಲಿನ ಸಂಗತಿ: ಸೋತ ಪಂದ್ಯದ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ನಡೆಯುವ ಜಗಳ, ಮಧ್ಯರಾತ್ರಿಯ ಯುರೋಪ್ ಲೀಗು. ನೆಚ್ಚಿನ ಆಟಗಾರನ ಆಟ ನೋಡಲು ಎರಡರವರೆಗೆ ಎಚ್ಚರವಿರುವ ಹುಡುಗ, ಆ ಆಟಗಾರ ತನ್ನ ನಿದ್ದೆ ಬಿಟ್ಟು ಆಡುತ್ತಿಲ್ಲ ಎಂಬುದನ್ನು ಮರೆಯುತ್ತಾನೆ.

ಬಿಸಿನೀರಿನ ಸ್ನಾನ ಈ ಕಡೆಯ ಹಳೆಯ ರೂಢಿ. ಹೊಲದಿಂದ ಬಂದವನಿಗೆ ಹಂಡೆಯ ನೀರು ಕಾದಿರುತ್ತದೆ. 40ರಿಂದ 42 ಡಿಗ್ರಿಯ ನೀರಿನಲ್ಲಿ ಮಲಗುವ ಒಂದೆರಡು ಗಂಟೆ ಮೊದಲು ಮಿಂದರೆ ನಿದ್ದೆ ಹತ್ತು ನಿಮಿಷ ಬೇಗ ಹತ್ತುತ್ತದೆ ಎಂದು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದರು. ಬಿಸಿನೀರು ಮೈ ಕಾಯಿಸುವುದರಿಂದಲ್ಲ, ಚರ್ಮದ ರಕ್ತನಾಳಗಳನ್ನು ತೆರೆದು ಒಳಗಿನ ಬಿಸಿಯನ್ನು ಹೊರಗೆ ಬಿಡುವುದರಿಂದ ಇದು ಸಾಧ್ಯ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಮನೆಯ ಒಳಗೆ ಬೇಯುವುದಕ್ಕಿಂತ ಮಾಳಿಗೆಯ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುವುದು ಅದೇ ಕಾರಣಕ್ಕೆ ಮೇಲು.

ಊಟದ ವಿಷಯದಲ್ಲಿ ಶೇಡಬಾಳಕ್ಕೆ ತನ್ನದೇ ಒಂದು ಪ್ರಶ್ನೆಯಿದೆ. ಜೈನ ಮುನಿ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ, ಜೈನ ಮನೆತನಗಳು ನೆಲೆಸಿದ ಊರು ಇದು. ಸೂರ್ಯ ಮುಳುಗಿದ ಮೇಲೆ ಉಣ್ಣದ ನಿಯಮ ಪಾಲಿಸುವ ಮನೆಯ ಆಟಗಾರನಿಗೆ ನಿದ್ದೆಯ ದೃಷ್ಟಿಯಿಂದ ಅನುಕೂಲವೇ ಹೆಚ್ಚು: ಹೊಟ್ಟೆ ಹಗುರ, ಎದೆಯುರಿ ಇಲ್ಲ. ತೊಡಕು ಬರುವುದು ಇಂಧನದಲ್ಲಿ. ಗ್ಲೈಕೋಜನ್ ತುಂಬುವ ವೇಗ ಆಟ ಮುಗಿದ ಮೊದಲ ಗಂಟೆಗಳಲ್ಲಿ ಹೆಚ್ಚು. ಆರೂವರೆಗೆ ಅಭ್ಯಾಸ ಮುಗಿಸಿದವನಿಗೆ ಆ ಗಂಟೆಗಳು ಉಪವಾಸದಲ್ಲಿ ಕಳೆಯುತ್ತವೆ. ಅಭ್ಯಾಸವನ್ನು ನಾಲ್ಕಕ್ಕೆ ಹಿಡಿದು ಐದೂವರೆಗೆ ಬಿಟ್ಟರೆ ಎರಡೂ ಹೊಂದುತ್ತವೆ. ರಂಜಾನಿನಲ್ಲಿ ಇದರ ತಿರುವು ಕಾಣುತ್ತದೆ: ನಸುಕಿನ ಸಹರಿಗೆ ಏಳುವುದರಿಂದ ನಿದ್ದೆ ತುಂಡಾಗುತ್ತದೆ. ಅಲ್ಜೀರಿಯಾದ ವೃತ್ತಿಪರ ಆಟಗಾರರ ವೇಗ, ಚುರುಕು, ಚೆಂಡಿನ ಹಿಡಿತ ಆ ತಿಂಗಳು ಇಳಿದದ್ದು ದಾಖಲಾಗಿದೆ. ಆ ದಿನಗಳಲ್ಲಿ ಮಧ್ಯಾಹ್ನದ ನಿದ್ದೆಯೇ ಊರುಗೋಲು.

ಮಧ್ಯಾಹ್ನದ ನಿದ್ದೆಗೆ ಅಳತೆ ಬೇಕು. ಇಪ್ಪತ್ತರಿಂದ ಮೂವತ್ತು ನಿಮಿಷದ ಜೊಂಪು ಚುರುಕು ತರುತ್ತದೆ. ಮುಕ್ಕಾಲು ಗಂಟೆ ದಾಟಿ ಗಾಢ ನಿದ್ದೆಯ ನಡುವೆ ಎದ್ದರೆ ಮಂಪರು ಅರ್ಧ ಗಂಟೆ ಬಿಡದು; ಮಲಗುವುದಾದರೆ ಒಂದೂವರೆ ಗಂಟೆಯ ಸುತ್ತನ್ನು ಮುಗಿಸಿಯೇ ಏಳುವುದು ಲೇಸು. ಮೂರರ ಮೇಲೆ ಮಲಗಿದರೆ ರಾತ್ರಿಯ ಪಾಲಿಗೆ ಕೈ ಹಾಕಿದಂತೆ. ನೀರಿನ ಪಾಳಿ ಮುಗಿಸಿ ಬಂದ ಹುಡುಗನಿಗೆ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಕತ್ತಲ ಕೋಣೆ, ನಾಲ್ಕು ಚಾಪೆ ಸಿಕ್ಕರೆ ಯಾವ ಪ್ರೋಟೀನು ಡಬ್ಬಿಗಿಂತಲೂ ಅದು ಅಗ್ಗ.

ಟೂರ್ನಮೆಂಟಿನ ದಿನಗಳಲ್ಲಿ ಪ್ರಯಾಣವೇ ಮೊದಲ ಎದುರಾಳಿ. ಮಿರಜ ಕಡೆಯಿಂದ ಬರುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದ ತಂಡ, ಅಂದೇ ಮಧ್ಯಾಹ್ನ ಆಡುವುದು ರೂಢಿ. ನಿಲ್ದಾಣ ನಿಲ್ದಾಣಕ್ಕೂ ಚಹಾದ ಕೂಗು, ಮೇಲಿನ ಬರ್ತಿನ ಮೇಲೇ ಉರಿಯುವ ದೀಪ; ಅಲ್ಲಿ ಬರುವುದು ಕೋಳಿನಿದ್ದೆ. ಒಂದು ದಿನ ಮೊದಲೇ ಹೊರಡುವ ಹಣವಿಲ್ಲದ ತಂಡ, ಹೊರಡುವ ಮೊದಲಿನ ವಾರ ರಾತ್ರಿಗೆ ಒಂದು ಗಂಟೆ ಹೆಚ್ಚು ಮಲಗಿ ನಿದ್ದೆ ಕೂಡಿಟ್ಟುಕೊಳ್ಳಬಹುದು. ಹೀಗೆ ಕೂಡಿಟ್ಟವರು ಮುಂದಿನ ಕೊರತೆಯನ್ನು ಉಳಿದವರಿಗಿಂತ ಚೆನ್ನಾಗಿ ತಾಳುತ್ತಾರೆ. ದೇಶ ದಾಟಿದರೆ ಗಡಿಯಾರದ ವ್ಯತ್ಯಾಸವೂ ಸೇರುತ್ತದೆ. ಕರ್ನಾಟಕ 2023ರ ಮಾರ್ಚ್ 4ರಂದು ಮೇಘಾಲಯವನ್ನು 3–2ರಿಂದ ಸೋಲಿಸಿ, ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದ 1968–69ರ ನಂತರ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದದ್ದು ಸೌದಿ ಅರೇಬಿಯಾದ ರಿಯಾದಿನಲ್ಲಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಪಶ್ಚಿಮಕ್ಕೆ ಹೋದವನಿಗೆ ದಿನ ಉದ್ದವಾಗುತ್ತದೆ, ಒಗ್ಗುವುದು ಸುಲಭ. ಪೂರ್ವಕ್ಕೆ ಮರಳುವಾಗ ಬೇಗ ಮಲಗಬೇಕು, ಅದು ಕಷ್ಟ. ಸೆಮಿಫೈನಲ್‌ಗೂ ಫೈನಲ್‌ಗೂ ನಡುವೆ ಮೂರು ದಿನವಿತ್ತು, ಬರಿದಾದ ಸ್ನಾಯು ತುಂಬಿಕೊಳ್ಳಲು ಬೇಕಾದಷ್ಟು. ನಮ್ಮ ತಾಲ್ಲೂಕು ಮಟ್ಟದ ಟೂರ್ನಮೆಂಟುಗಳಲ್ಲಿ ಹುಡುಗರು ಒಂದೇ ದಿನ ಎರಡು ಪಂದ್ಯ ಆಡಿ ಮರುದಿನ ಫೈನಲ್‌ಗೆ ಇಳಿಯುತ್ತಾರೆ. ಅಲ್ಲಿ ನಡುವಿನ ಒಂದೇ ರಾತ್ರಿ ಕಲ್ಯಾಣ ಮಂಟಪದ ಹಾಸುಗಲ್ಲಿನ ಮೇಲೆ, ಡಿಜೆಯ ಪಕ್ಕದಲ್ಲಿ ಕಳೆಯುತ್ತದೆ. ಸಂಘಟಕರು ಕಪ್ಪಿನ ಎತ್ತರಕ್ಕೆ ಕೊಡುವ ಗಮನದ ಹತ್ತನೇ ಒಂದು ಪಾಲು ಈ ಮಲಗುವ ಜಾಗಕ್ಕೆ ಕೊಟ್ಟರೆ ಸಾಕು.

ಆಡುವ ಹುಡುಗಿಯರ ಲೆಕ್ಕ ಬೇರೆ ಹಿಡಿಯಬೇಕು. ಮುಟ್ಟಿನ ಚಕ್ರದ ಎರಡನೆಯ ಅರ್ಧದಲ್ಲಿ ಮೈಯ ಬಿಸಿ ಕೊಂಚ ಏರಿರುತ್ತದೆ, ಕೆಲವರಿಗೆ ಆಗ ನಿದ್ದೆ ಹಗುರವಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಒಲೆಯ ಮುಂದಿದೆ: ಅಣ್ಣ ಎದ್ದು ಬೂಟು ಕಟ್ಟುವ ಮೊದಲು ತಂಗಿ ಎದ್ದು ರೊಟ್ಟಿ ಬಡಿದಿರುತ್ತಾಳೆ.

ನಿದ್ದೆಯನ್ನು ಅಳೆಯಲು ಕೈಗೆ ಕಟ್ಟುವ ಯಂತ್ರ ಬೇಕೆಂದಿಲ್ಲ. ನಲವತ್ತು ಪುಟದ ನೋಟುಪುಸ್ತಕ ಸಾಕು: ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದದ್ದು, ಹಗಲು ಮಲಗಿದ್ದು, ಬೆಳಿಗ್ಗೆ ಮೈ ಹೇಗಿತ್ತು ಎಂಬುದಕ್ಕೆ ಹತ್ತರಲ್ಲಿ ಅಂಕ. ಮೂರು ವಾರ ಬರೆದರೆ 'ನಾನು ಎಂಟು ಗಂಟೆ ಮಲಗುತ್ತೇನೆ' ಎನ್ನುವವನ ಪುಟದಲ್ಲಿ ಆರೂವರೆ ಕಾಣುತ್ತದೆ. ಯಂತ್ರ ಕಟ್ಟಿಕೊಂಡವರಲ್ಲಿ ಇನ್ನೊಂದು ಕಾಯಿಲೆ ಶುರುವಾಗಿದೆ. ಬೆಳಿಗ್ಗೆ ಅಂಕ ಕಡಿಮೆ ಬಂದರೆ ಚೆನ್ನಾಗಿ ಮಲಗಿದವನೂ ದಿನವಿಡೀ ದಣಿದವನಂತೆ ಓಡಾಡುತ್ತಾನೆ. ಪುಸ್ತಕದಲ್ಲಿ ಗಂಟೆಗಳು ಸರಿಯಿದ್ದು, ಆದರೂ ಹಗಲು ತೂಕಡಿಕೆ ಬಿಡದಿದ್ದರೆ, ಜೋರು ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಮಲಗಿದಾಗ ಕಾಲು ಸೆಳೆದು ಎಬ್ಬಿಸುತ್ತಿದ್ದರೆ, ಅಥವಾ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಕಣ್ಣು ಹತ್ತದಿದ್ದರೆ ಅದು ಅಭ್ಯಾಸದ ದೋಷವಲ್ಲ, ಕಾಯಿಲೆ. ಮೂಗಿನ ತೊಂದರೆ, ದಪ್ಪಗಾದ ಟಾನ್ಸಿಲ್, ರಕ್ತದಲ್ಲಿ ಕಬ್ಬಿಣದ ಕೊರತೆ ಇದಕ್ಕೆ ಸಾಮಾನ್ಯ ಕಾರಣಗಳು. ಅಂಥವನನ್ನು ಆ ನೋಟುಪುಸ್ತಕದ ಸಮೇತ ವೈದ್ಯರ ಬಳಿ ಕಳಿಸಬೇಕು.